ಪಾಪಮ್ಮನ ಮಂಡಿಯೂ ಚಂದ್ರಿಯ ಹಾಲೂ

ನನ್ನ ಹೆಂಡತಿ ಪಾಪಮ್ಮನ ಮಂಡಿ ನೋವು ನಮ್ಮೂರು ದುದ್ದದ ಸುತ್ತಮುತ್ತ ಎಷ್ಟು ಹೆಸರುವಾಸಿಯಾಗಿತ್ತೆಂದರೆ, ಜನ ನನ್ನನ್ನು ಕಂಡ ಕೂಡಲೇ ‘ಚೆನ್ನಾಗಿದ್ದೀಯಾ ರಂಗಯ್ಯ’ ಎಂದು ಕೇಳುವುದನ್ನೇ ಬಿಟ್ಟು ‘ಮಂಡಿ ಎಂಗದೆ’ ಎಂದು ಕೇಳತೊಡಗಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಎಸ್ಸೆಸ್ಸೆಲ್ಸಿ ಪಾಸು ಮಾಡಿದವನು, ದಿನಾ ಪೇಪರನ್ನು ಟೆಂಡರು ಜಾಹೀರಾತಿನ ಸಮೇತ ಓದುವವನು, ಈ ವಯಸ್ಸಿನಲ್ಲೂ ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸುವವನು ನಾನು. ನನ್ನ ಮಂಡಿಯೂ ಗಟ್ಟಿಯಾಗಿಯೇ ಇದೆ. ಅದನ್ನು ಮಾತ್ರ ಒಬ್ಬರೂ ವಿಚಾರಿಸಲಿಲ್ಲ.

ವಿಚಾರಿಸಿದವರೆಲ್ಲ ಒಂದೊಂದು ಔಷಧಿ ಹೇಳಿಯೇ ಹೋಗುತ್ತಿದ್ದರು. ಎಕ್ಕದ ಎಲೆ ಬಿಸಿ ಮಾಡಿ ಕಟ್ಟು ಎಂದರು, ಕಟ್ಟಿದೆವು. ಹರಳೆಣ್ಣೆ ತಿಕ್ಕು ಎಂದರು, ಮನೆಯ ನೆಲವೆಲ್ಲ ಎಣ್ಣೆಯಾಗಿ ನಾನೇ ಜಾರಿ ಬಿದ್ದೆ. ಮೇಕೆ ಕಾಲಿನ ಸೂಪು ಕುಡಿಸು ಎಂದರು. ನಮ್ಮ ಹೋಬಳಿಯ ಅರ್ಧ ಮೇಕೆಗಳ ಕಾಲು ಅವಳ ಹೊಟ್ಟೆ ಸೇರಿದವು. ಸೂಪಿನಿಂದ ಅವಳ ತೂಕ ಏರಿತೇ ವಿನಾ ನೋವು ಇಳಿಯಲಿಲ್ಲ.

ಪಾಪಮ್ಮನಿಗೆ ದೊಡ್ಡ ಆಸೆಗಳೇನೂ ಇರಲಿಲ್ಲ. ಬೆಟ್ಟ ಹತ್ತುವುದು ಬೇಡ, ಮದುವೆ ಮನೆಯಲ್ಲಿ ಓಡಾಡುವುದು ಬೇಡ. ಬೆಳಗ್ಗೆ ಸಂಜೆ ಕುಕ್ಕುರುಗಾಲಲ್ಲಿ ಕೂತು ನಮ್ಮ ಹಸು ಚಂದ್ರಿಯ ಹಾಲು ಕರೆಯಲು ಆಗಬೇಕು, ಅಷ್ಟೇ. ಏಕೆಂದರೆ ಚಂದ್ರಿ ಬೇರೆ ಯಾರಿಗೂ ಹಾಲು ಬಿಡುತ್ತಿರಲಿಲ್ಲ. ಪಾಪಮ್ಮ ಅಕ್ಕನ ಮನೆಗೆಂದು ಅರಕಲಗೂಡಿಗೆ ಹೋಗಿದ್ದಾಗ ನಾನು ಕೂತೆ, ಒದ್ದಿತು. ಮಗ ಮಂಜೇಶ ಕೂತ, ಬಾಲದಲ್ಲಿ ಕಣ್ಣಿಗೆ ಬಾರಿಸಿತು. ಸೊಸೆ ವರ್ಷಾ ಹಾಸನದ ಗಾರ್ಮೆಂಟ್ಸಿನಲ್ಲಿ ಕೈ ಪಳಗಿದವಳು, ಯಾವ ಮಿಷಿನ್ನಿಗೂ ಹೆದರದವಳು. ಅವಳು ಕೂತಾಗ ಚಂದ್ರಿ ಒದೆಯಲಿಲ್ಲ, ಬಕೆಟ್ಟಿಗೆ ಸರಿಯಾಗಿ ಗಂಜಲ ಹೊಯ್ದಿತು. ಪಕ್ಕದ ಮನೆಯವರ ಹಾಲು ಕರೆಯುವ ಮಿಷಿನ್ನು ತಂದು ಹಾಕಿದರೆ, ಹಗ್ಗ ಕಿತ್ತುಕೊಂಡು ಮಿಷಿನ್ನಿನ ಸಮೇತ ಹೊಂಗೆ ಮರದವರೆಗೆ ಓಡಿತು.

ಹೀಗಾಗಿ ಪಾಪಮ್ಮನೇ ಹಲ್ಲು ಕಚ್ಚಿಕೊಂಡು ಕೂರುತ್ತಿದ್ದಳು. ಎದ್ದೇಳಲೆಂದು ಕೊಟ್ಟಿಗೆಯ ತೊಲೆಗೆ ಹಗ್ಗ ಕಟ್ಟಿಕೊಟ್ಟಿದ್ದೆ. ಅವಳು ಹಗ್ಗ ಹಿಡಿದು ‘ಅಯ್ಯಪ್ಪಾ’ ಎಂದು ಏಳುವಾಗ ಕೊಟ್ಟಿಗೆಯೂ ‘ಕಿರ್’ ಎನ್ನುತ್ತಿತ್ತು. ಒಂದು ದಿನ ಯಾವುದಾದರೂ ಒಂದು ಕುಸಿಯುತ್ತದೆ ಎಂಬುದು ಖಾತ್ರಿಯಾಗಿತ್ತು.

ಆಗ ಮಂಜೇಶ ಫೋನಿನಲ್ಲಿ ಒಂದು ವಿಡಿಯೊ ಹಿಡಿದುಕೊಂಡು ಬಂದ. ಬೆಂಗಳೂರಿನ ಯಾವುದೋ ಕ್ಲಿನಿಕ್ಕಿನವರು ಚನ್ನರಾಯಪಟ್ಟಣದ ಛತ್ರವೊಂದರಲ್ಲಿ ಶಿಬಿರ ನಡೆಸುತ್ತಾರಂತೆ. ಸ್ಟೆಮ್ ಸೆಲ್ ಅಂತೆ. ಆಪರೇಷನ್ ಇಲ್ಲ, ಒಂದೇ ಸೂಜಿ, ಮಂಡಿ ಮದುವೆ ಹೆಣ್ಣಿನ ಮಂಡಿಯ ಹಾಗೆ ಆಗುತ್ತದಂತೆ.

“ಅದೇನ್ಲಾ ಅದು ಸೆಲ್ಲು? ರೇಡಿಯೊಗೆ ಆಕ್ತೀವಲ್ಲ, ಅಂಥದಾ?” ಎಂದಳು ಪಾಪಮ್ಮ.

“ಅಲ್ಲ ಕಣವ್ವ. ಮೈಯೊಳ್ಗೆ ಇರೋ ಬಿತ್ನೆ ಇದ್ದಂಗೆ. ಎಲ್ಲಿ ಆಕುದ್ರೆ ಅಲ್ಲಿ ಉಟ್ತದಂತೆ” ಎಂದ ಮಂಜೇಶ.

ರೈತರ ಮನೆಯಲ್ಲಿ ಬಿತ್ತನೆ ಎಂದರೆ ಮುಗಿಯಿತು. ಮಾರನೆಯ ಭಾನುವಾರ ಮೂವರೂ ಚನ್ನರಾಯಪಟ್ಟಣದ ಬಸ್ಸು ಹತ್ತಿದೆವು.

ಛತ್ರದ ತುಂಬ ಮಂಡಿಗಳು. ನಾನು ಅಷ್ಟೊಂದು ಮಂಡಿ ನೋವನ್ನು ಒಂದೇ ಸೂರಿನ ಕೆಳಗೆ ನೋಡಿರಲಿಲ್ಲ. ತೆಂಗಿನಕಾಯಿ ಮಂಡಿಯ ಸಾಹುಕಾರರು, ನಿವೃತ್ತ ಮೇಷ್ಟರು, ನಮ್ಮಂಥವರು, ಎಲ್ಲರೂ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಾಲು ಚಾಚಿ ಕೂತು ಒಬ್ಬರ ನೋವನ್ನು ಇನ್ನೊಬ್ಬರ ನೋವಿನೊಂದಿಗೆ ತಾಳೆ ಹಾಕುತ್ತಿದ್ದರು. ಪಾಪಮ್ಮ ಎಷ್ಟೋ ದಿನದ ಮೇಲೆ ಗೆಲುವಾಗಿದ್ದಳು. ತನ್ನದೇ ಹೆಚ್ಚಿನ ನೋವು ಎಂದು ಅಕ್ಕಪಕ್ಕದವರನ್ನೆಲ್ಲ ಒಪ್ಪಿಸಿಬಿಟ್ಟಳು.

ಅನಿಲ್‌ಕುಮಾರ್ ಎಂಬ ಕೋಟು ತೊಟ್ಟವನು ಮೈಕು ಹಿಡಿದ. ಪರದೆಯ ಮೇಲೆ ಒಬ್ಬಳು ಅಜ್ಜಿ ಮೆಟ್ಟಿಲುಗಳನ್ನು ದಡದಡ ಹತ್ತಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು.

“ಆ ಅಮ್ಮ ಅತ್ತಿದ್ದು ತೋರ್ಸುದ್ರಿ ಸಾ. ಇಳ್ದಿದ್ದು ತೋರ್ಸಿ” ಎಂದು ಪಾಪಮ್ಮ ಕೂತಲ್ಲಿಂದಲೇ ಕೂಗಿದಳು. ಮಂಡಿ ನೋವಿದ್ದವರಿಗೆ ಗೊತ್ತು, ಹತ್ತುವುದಕ್ಕಿಂತ ಇಳಿಯುವುದು ಪ್ರಾಣಸಂಕಟ. ಇಡೀ ಛತ್ರ ಹೌದು ಹೌದು ಎಂದಿತು. ಅನಿಲ್‌ಕುಮಾರ್ ನೀರು ಕುಡಿದು, ಆ ವಿಡಿಯೊ ಇನ್ನೊಂದು ಫೋನಿನಲ್ಲಿದೆ ಎಂದ.

ಆಮೇಲೆ ಅವನು ವಿವರಿಸಿದ. ನಿಮ್ಮ ಹೊಟ್ಟೆಯ ಕೊಬ್ಬಿನಿಂದಲೇ ಜೀವಕೋಶ ತೆಗೆದು ನಿಮ್ಮ ಮಂಡಿಗೇ ಹಾಕುತ್ತೇವೆ ಎಂದ. ಪಾಪಮ್ಮ ಸೆರಗನ್ನು ಹೊಟ್ಟೆಯ ಮೇಲೆ ಎಳೆದುಕೊಂಡಳು.

“ಇವ್ನ್ಯಾಕೆ ನನ್ ಒಟ್ಟೆ ಮೇಲೆ ಕಣ್ಣಾಕ್ತಾನೆ?” ಎಂದು ನನ್ನ ಕಿವಿಯಲ್ಲಿ ಗುಡುಗಿದಳು.

“ನಂದೂ ಐತೆ, ಬೇಕಾದ್ರೆ ನನ್ನ ಒಟ್ಟೇದೇ ತಗೊಳ್ಳಿ ಸಾ” ಎಂದು ನಾನು ಎದ್ದು ನಿಂತು ಉದಾರವಾಗಿ ಹೇಳಿದೆ. ಜನ ನಕ್ಕರು. ನಾನು ನಗಿಸಲೆಂದು ಹೇಳಿದ್ದಲ್ಲ.

ಒಂದು ಎಕ್ಸ್‌ರೇ ತೆಗೆಸಿಕೊಂಡು, ಮುಂಗಡ ಕಟ್ಟಿ, ಬೆಂಗಳೂರಿಗೆ ಬನ್ನಿ ಎಂದ ಅನಿಲ್‌ಕುಮಾರ್. “ಕುಕ್ಕುರುಗಾಲಲ್ಲಿ ಕೂರಬೋದಾ?” ಎಂದು ಪಾಪಮ್ಮ ಕೇಳಿದ್ದಕ್ಕೆ, “ಕಬಡ್ಡಿ ಆಡಬಹುದು ಅಮ್ಮಾ!” ಎಂದ. ಅಷ್ಟೇ, ನನ್ನ ಹೆಂಡತಿಯ ಮುಖ ದೀಪ ಹಚ್ಚಿದ ಹಾಗಾಯಿತು. ಬಸ್ಸಿನಲ್ಲಿ ಬರುವಾಗ ಚಿಕ್ಕ ಮಕ್ಕಳಿಗಿಂತ ಹೆಚ್ಚು ಮಾತಾಡಿದಳು. ಅವಳ ಸಂತೋಷ ನೋಡಿ ನನಗೂ ತಲೆ ತಿರುಗಿತು. ನಮ್ಮ ಮನೆಯಲ್ಲಿ ಒಬ್ಬರಿಗೆ ಖುಷಿಯಾದರೆ ಉಳಿದವರ ಬುದ್ಧಿ ರಜೆ ಹಾಕುತ್ತದೆ.

ಚಿಕಿತ್ಸೆಗೆ ಹಣ ಬೇಕಲ್ಲ. ಅಂದು ಸಂಜೆ ಜಗಲಿಯಲ್ಲಿ ಕೂತು ಯೋಚಿಸಿದೆವು.

“ಚಂದ್ರಿನ ಮಾರ್ಬುಡನ” ಎಂದ ಮಂಜೇಶ. “ಒಳೆನರಸೀಪುರದ ಸಿದ್ದೇಶ್ವರಪ್ಪೋರು ಆವತ್ತಿಂದ ಕೇಳ್ತಾವ್ರೆ. ಒಳ್ಳೆ ರೇಟು ಕೊಡ್ತಾರೆ.”

ನಾನು ತಲೆಯಾಡಿಸಿದೆ. ವರ್ಷಾ ತಲೆಯಾಡಿಸಿದಳು. ಪಾಪಮ್ಮನೂ, “ಮಂಡಿ ಒಂದು ಸರಿಯಾದ್ರೆ ಸಾಕು ಕಣ” ಎಂದು ತಲೆಯಾಡಿಸಿದಳು. ಗುರುವಾರ ಬನ್ನಿ ಎಂದು ಸಿದ್ದೇಶ್ವರಪ್ಪನವರಿಗೆ ಫೋನು ಹೋಯಿತು. ನಾಲ್ಕು ಜನ ಕೂತು ತೆಗೆದುಕೊಂಡ ತೀರ್ಮಾನ. ಅದರಲ್ಲಿ ಒಬ್ಬ ಎಸ್ಸೆಸ್ಸೆಲ್ಸಿ ಪಾಸು.

ಬುಧವಾರ ಎಕ್ಸ್‌ರೇ ತೆಗೆಸಲು ಹಾಸನಕ್ಕೆ ಹೋದೆವು. ನಿಲ್ಲಿಸಿ ತೆಗೆದರು. ಮೂಳೆ ಡಾಕ್ಟರು ಸ್ನೇಹಲತಾ ಎಂಬ ಹೆಣ್ಣುಮಗಳು. ಫಿಲಮನ್ನು ಬೆಳಕಿಗೆ ಹಿಡಿದು ನೋಡಿ, ಪಾಪಮ್ಮನನ್ನು ಮಲಗಿಸಿ ಮಂಡಿ ಮಡಿಸಿ ಬಿಡಿಸಿ, ಎಲ್ಲ ಕೇಳಿಕೊಂಡರು. ನಾನು ಸ್ಟೆಮ್ ಸೆಲ್ಲಿನ ವಿಷಯ ಬಿಚ್ಚಿದೆ, ಬಿತ್ತನೆಯ ಉಪಮೆ ಸಮೇತ.

“ಅದು ಪೂರ್ತಿ ಸುಳ್ಳು ಅಂತ ನಾನು ಹೇಳಲ್ಲ ಯಜಮಾನರೇ” ಎಂದರು ಡಾಕ್ಟರಮ್ಮ. “ಇನ್ನೂ ಸಂಶೋಧನೆ ನಡೀತಾ ಇದೆ. ಅಮ್ಮನ ಹಾಗೆ ಮಧ್ಯದ ಹಂತದ ಸವೆತ ಇರೋರಲ್ಲಿ ಕೆಲವರಿಗೆ ನೋವು ಕಡಿಮೆ ಆಗಿದೆ. ಆದರೆ ಸವೆದದ್ದು ಹೊಸದಾಗಿ ಬೆಳೆದು ಮೊದಲಿನ ಹಾಗೆ ಆಗುತ್ತೆ ಅಂತ ಗಟ್ಟಿಯಾಗಿ ಹೇಳೋಕೆ ಯಾರ ಹತ್ರಾನೂ ಪುರಾವೆ ಇಲ್ಲ. ಆ ಕ್ಲಿನಿಕ್ಕಿನವರು ಏನು ಹಾಕ್ತಾರೆ, ಅದಕ್ಕೆ ಸರ್ಕಾರದ ಅನುಮತಿ ಇದೆಯಾ, ಕೇಳಿದ್ರಾ?”

ನಾವು ಕೇಳಿರಲಿಲ್ಲ. ಕಬಡ್ಡಿಯ ವಿಷಯ ಮಾತ್ರ ಕೇಳಿದ್ದೆವು.

“ಇರಲಿ. ಮಂಡಿ ಸರಿ ಹೋದ್ರೆ ಏನು ಮಾಡಬೇಕು ಅಂತ ಆಸೆ ಅಮ್ಮಾ ನಿಮಗೆ?”

“ಚಂದ್ರಿ ಆಲು ಕರೀಬೇಕು ತಾಯಿ” ಎಂದಳು ಪಾಪಮ್ಮ, ಥಟ್ಟನೆ.

“ಚಂದ್ರಿ ಅಂದ್ರೆ?”

“ನಮ್ಮಸ.”

“ಸರಿ. ಚಿಕಿತ್ಸೆ ಖರ್ಚಿಗೆ ಏನು ಮಾಡಿದ್ದೀರಿ?”

“ಅದ್ಕೇನು ತೊಂದ್ರೆ ಇಲ್ಲ ತಾಯಿ. ಚಂದ್ರಿನ ಮಾರ್ತಾ ಇದ್ದೀವಿ.”

ಡಾಕ್ಟರಮ್ಮ ಬರೆಯುತ್ತಿದ್ದವರು ಪೆನ್ನು ಕೆಳಗಿಟ್ಟರು. ಪಾಪಮ್ಮನನ್ನು ನೋಡಿದರು, ನನ್ನನ್ನು ನೋಡಿದರು. ನಾನೂ ಪಾಪಮ್ಮನನ್ನು ನೋಡಿದೆ. ಹಸು ಮಾರಿ ಮಂಡಿ ಸರಿ ಮಾಡಿಸಿ, ಆ ಮಂಡಿಯಲ್ಲಿ ಕೂತು ಇಲ್ಲದ ಹಸುವಿನ ಹಾಲು ಕರೆಯುವುದು! ಮೊದಲು ನಕ್ಕವಳು ಪಾಪಮ್ಮನೇ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು, ಡಾಕ್ಟರಮ್ಮ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು, ಬಾಗಿಲಿನಿಂದ ನರ್ಸು ಇಣುಕಿದಳು. ನನಗೆ ನಗುವಿಗಿಂತ ನಾಚಿಕೆಯೇ ಹೆಚ್ಚಾಯಿತು. ಆಮೇಲೆ ನಾನೂ ನಕ್ಕೆ. ತಡೆಯಲು ಆಗಲಿಲ್ಲ.

ನಗು ನಿಂತ ಮೇಲೆ ಡಾಕ್ಟರಮ್ಮ ನಿಜ ಹೇಳಿದರು. “ಆಪರೇಷನ್ ಸದ್ಯಕ್ಕೆ ಬೇಡ. ತೊಡೆಯ ಮಾಂಸಖಂಡ ಗಟ್ಟಿ ಆಗೋ ವ್ಯಾಯಾಮ ಹೇಳಿಕೊಡ್ತೀನಿ, ಸ್ವಲ್ಪ ತೂಕ ಇಳಿಸಿ, ನೋವು ಜಾಸ್ತಿ ಆದಾಗ ಮಾತ್ರ ಮಾತ್ರೆ. ಸೂಜಿ ನಿಮಗೆ ಬೇಕಾದ್ದನ್ನ ಕೊಡಲ್ಲ ಅಮ್ಮಾ. ಸ್ಟೆಮ್ ಸೆಲ್ ಹಾಕಿಸಿದ್ರೂ, ಮುಂದೆ ಮಂಡಿಯನ್ನೇ ಬದಲಾಯಿಸಿದ್ರೂ, ಕುಕ್ಕುರುಗಾಲಲ್ಲಿ ಕೂರೋದು ಮಾತ್ರ ಇನ್ನು ಬೇಡ. ಕೂತಷ್ಟೂ ಸವೆಯುತ್ತೆ. ಸ್ಟೂಲ್ ಮೇಲೆ ಕೂತು ಕರೀಬಹುದಲ್ಲ?”

“ಸ್ಟೂಲು ನೋಡುದ್ರೆ ಒದೀತದೆ ತಾಯಿ” ಎಂದಳು ಪಾಪಮ್ಮ. ಅವಳ ದನಿ ಸಣ್ಣದಾಗಿತ್ತು.

ಬಸ್ಸಿನಲ್ಲಿ ಅವಳು ಎಕ್ಸ್‌ರೇ ಕವರನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿಯ ಕಡೆ ತಿರುಗಿ ಕೂತಳು. ಸೂಜಿಯ ವಿಚಾರ ಅಲ್ಲಿಗೆ ಮುಗಿದಿತ್ತು. ಆದರೆ ಕರೆಯುವವರಿಲ್ಲದ ಹಸುವನ್ನು ಕಟ್ಟಿಕೊಂಡು ಏನು ಮಾಡುವುದು? ಸಿದ್ದೇಶ್ವರಪ್ಪ ನಾಳೆ ಬರುವುದು ಬರುವುದೇ. ಮಂಜೇಶ ಅದನ್ನೇ ಫೋನಿನಲ್ಲಿ ಹೇಳಿದ. ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ, ಅದಕ್ಕೇ ನನಗೆ ಅವನ ಮೇಲೆ ಕೆಟ್ಟ ಸಿಟ್ಟು ಬಂತು.

ಹಾಗಾಗಿ ಆ ಸಂಜೆ ನಾನೊಂದು ಉಪಾಯ ಮಾಡಿದೆ. ಪಾಪಮ್ಮ ಒಳಗೆ ಗೋಡೆ ಕಡೆ ತಿರುಗಿ ಮಲಗಿದ್ದಳು. ಅವಳು ದಿನಾ ಕೊಟ್ಟಿಗೆಗೆ ಉಡುವ ಹಸಿರು ಸೀರೆ ದಾರದ ಮೇಲಿತ್ತು. ಹಸುವಿಗೆ ವಾಸನೆ ಮುಖ್ಯ ಎಂದು ಪೇಪರಿನಲ್ಲಿ ಓದಿದ್ದೆ. ಆ ಸೀರೆಯನ್ನು ಪಂಚೆಯ ಮೇಲೆ ಸುತ್ತಿಕೊಂಡೆ, ಸೆರಗನ್ನು ತಲೆ ತುಂಬ ಹೊದ್ದೆ, ಕೈಬಳೆ ಒಂದು ಸಿಕ್ಕಿತು, ಅದನ್ನೂ ತೂರಿಸಿದೆ. ಸದ್ದಿಲ್ಲದೆ ಹೋಗಿ ಕೂತೆ. ಚಂದ್ರಿ ತಿರುಗಿ ನನ್ನನ್ನು ಮೂಸಿತು. ಸುಮ್ಮನಿತ್ತು. ನನ್ನ ಎದೆ ಹಿಗ್ಗಿತು. ಕೆಚ್ಚಲಿಗೆ ಕೈ ಹಾಕಿ ಎಳೆದೆ, ಎಳೆದೆ, ಎಳೆದೆ. ಒಂದು ತೊಟ್ಟು ಬರಲಿಲ್ಲ.

“ಪಾಪಕ್ಕಾ, ಡೇರಿ ಮುಚ್ಚೋ ಒತ್ತಾಯ್ತು, ಆಲು ಯಾಕೆ ಬರ್ನಿಲ್ಲ?” ಎಂದು ಹಿಂದಿನಿಂದ ದನಿ ಬಂತು. ಡೇರಿಯ ಸೆಕ್ರೆಟರಿ ಶಿವರಾಜು. ನಾನು ತಿರುಗದೆ ಕೈ ಬೀಸಿ ಹೋಗು ಎಂದೆ. ಅವನು ಹೋಗಲಿಲ್ಲ, ಹತ್ತಿರ ಬಂದ. ಸೆರಗಿನೊಳಗಿನ ನನ್ನ ಮೀಸೆಗೂ ಅವನ ಕಣ್ಣಿಗೂ ಭೇಟಿಯಾಯಿತು.

“ರಂಗಣ್ಣಾ!” ಎಂದವನೇ ಕ್ಯಾನು ಕೆಳಗೆ ಹಾಕಿ ನಕ್ಕ ನಗುವಿಗೆ ಚಂದ್ರಿ ಬೆದರಿ ಒದ್ದಿತು. ಬಕೆಟ್ ಒಂದು ಕಡೆ, ನಾನೊಂದು ಕಡೆ, ಸೆರಗು ಸಗಣಿಯಲ್ಲಿ. ಸದ್ದಿಗೆ ಪಾಪಮ್ಮ ಗೋಡೆ ಹಿಡಿದುಕೊಂಡು ಬಂದಳು. ನನ್ನನ್ನು ಆ ಅವತಾರದಲ್ಲಿ ನೋಡಿದಳು. ನಗುತ್ತಾಳೆ ಎಂದುಕೊಂಡೆ. ಬೈಯುತ್ತಾಳೆ ಎಂದಾದರೂ ಅಂದುಕೊಂಡೆ. ಅವಳು ಎರಡೂ ಮಾಡಲಿಲ್ಲ.

“ಬುಡು ಮಂಜನಪ್ಪ, ಯಾಕೆ ಒದೆ ತಿಂತೀಯಾ” ಎಂದಳು. “ಕೊಟ್ಬುಡಿ ಅದ್ನ. ನಂಗೂ ಇನ್ನೇನು ಕೆಲ್ಸ ಐತೆ ಈ ಮನೇಲಿ? ಮೂಲೇಲಿ ಕೂತ್ಕತೀನಿ. ಇಕ್ಕುದ್ರೆ ಉಣ್ತೀನಿ.”

ಮದುವೆಯಾದಾಗಿನಿಂದ ಅವಳ ಬಾಯಲ್ಲಿ ಅಂಥ ಮಾತು ಕೇಳಿರಲಿಲ್ಲ. ನಾನು ಸೀರೆಯಲ್ಲೇ ಕೂತು ಅತ್ತೆ. ಶಿವರಾಜು ಪಾಪ, ತಲೆ ತಗ್ಗಿಸಿಕೊಂಡು ಹೋದ.

ಗುರುವಾರ ಬೆಳಗ್ಗೆ ಸಿದ್ದೇಶ್ವರಪ್ಪನವರು ಗೂಡ್ಸ್ ಆಟೊ ತಂದರು. ಹಣೆ ತುಂಬ ವಿಭೂತಿ, ಬಾಯಿ ತುಂಬ ಮಾತು. ಒಳ್ಳೆಯ ಮನುಷ್ಯರೇ. ತೆಂಗಿನ ವ್ಯಾಪಾರದ ಜೊತೆಗೆ ಹತ್ತಾರು ಹಸು ಕಟ್ಟಿದ್ದಾರೆ.

“ಎಲ್ಲಿ ರಂಗಣ್ಣ, ಒಂದ್ಸಲ ಕರೆದು ತೋರ್ಸಿ. ಆಲು ನೋಡ್ದೆ ಎಂಗೆ ತಗಳಾದು?” ಎಂದರು.

ನ್ಯಾಯವಾದ ಮಾತು. ಪಾಪಮ್ಮ ಹಗ್ಗ ಹಿಡಿದು ಕೂರಲು ಹೊರಟಳು. ನಾನು ತಡೆದೆ. ಜಗಲಿಯ ಪ್ಲಾಸ್ಟಿಕ್ ಕುರ್ಚಿ ತಂದು ಚಂದ್ರಿಯ ಮುಖದ ಹತ್ತಿರ ಹಾಕಿ, “ನೀನು ಅದ್ರ ತಲೆ ನೇವರಿಸ್ತಾ ಇರು ಸಾಕು” ಎಂದು ಕೂರಿಸಿದೆ. ಕೊನೆಯ ದಿನ ಹಸುವಿನ ಹತ್ತಿರ ಇರಲಿ ಎಂದಷ್ಟೇ ನನ್ನ ಮನಸ್ಸಿನಲ್ಲಿತ್ತು. ಒದೆ ತಿನ್ನಲು ಸಿದ್ಧನಾಗಿ ನಾನೇ ಕುಕ್ಕುರುಗಾಲಲ್ಲಿ ಕೂತೆ. ಎಳೆದೆ. ಬರಲಿಲ್ಲ. ಇನ್ನೂ ಜೋರಾಗಿ ಎಳೆದೆ.

ಪಾಪಮ್ಮ ಅಲ್ಲಿಯವರೆಗೆ ತಡೆದುಕೊಂಡಿದ್ದಳು. ಇನ್ನು ಆಗಲಿಲ್ಲ.

“ಅಯ್ಯಯ್ಯೋ, ಅದೇನ್ ಬಾವಿ ಅಗ್ಗ ಅನ್ಕಂಡ್ಯಾ, ಅಂಗೆ ಜಗ್ಗಕ್ಕೆ? ನಿನ್ ಕೈ ಸೇದೋಗ! ಕೆಚ್ಚಲು ತೊಳುದ್ಯಾ? ಉಗುರು ನೋಡು, ಅದ್ದಿನ್ ಉಗುರು! ಇಷ್ಟು ವರ್ಸ ಆಯ್ತು, ಒಂದ್ ದಿನಾನಾರಾ ನೆಟ್ಟಗೆ ಒಂದು ಕೆಲ್ಸ ಮಾಡಿದ್ದೀಯಾ?”

‘ಸರ್’ ಎಂದು ಬಕೆಟ್ಟಿಗೆ ಹಾಲು ಬಿತ್ತು.

ನಾನು ಕೈ ನಿಲ್ಲಿಸಿದೆ. ಪಾಪಮ್ಮ ಬಾಯಿ ನಿಲ್ಲಿಸಿದಳು. ಮತ್ತೆ ಎಳೆದೆ, ಬರಲಿಲ್ಲ.

“ಬೈಯಿ” ಎಂದೆ.

“ಆಂ?”

“ಬೈಯಿ ಕಣೆ! ನಿಲ್ಲುಸ್ಬೇಡ!”

ಆಗ ನನಗೆ ಹೊಳೆಯಿತು. ಹಾಲು ಕರೆಯುವಾಗೆಲ್ಲ ಇವಳು ನನ್ನನ್ನೂ ಮಗನನ್ನೂ ಓಣಿಯವರನ್ನೂ ಒಂದೇ ಉಸಿರಿನಲ್ಲಿ ಬೈಯುತ್ತಲೇ ಇರುತ್ತಾಳೆ. ಚಂದ್ರಿ ಕರುವಾಗಿದ್ದಾಗಿನಿಂದ ಆ ದನಿ ಕೇಳಿಕೊಂಡೇ ಬೆಳೆದದ್ದು. ಸೀರೆ ಉಟ್ಟು ಮೂಕನಂತೆ ಕೂತರೆ ಅದು ಯಾಕೆ ಹಾಲು ಬಿಟ್ಟೀತು?

ಆದರೆ ಬೈಯಿ ಎಂದು ಹೇಳಿಸಿಕೊಂಡು ಬೈಯುವುದು ಯಾರಿಗೂ ಸುಲಭವಲ್ಲ. ಪಾಪಮ್ಮ ನಾಚಿಕೊಂಡಳು. ಸಿದ್ದೇಶ್ವರಪ್ಪನವರ ಮುಂದೆ ಬೇರೆ. ನಾನು ಎಷ್ಟಾದರೂ ಅವಳ ಗಂಡ, ದಾರಿ ನನಗೆ ಗೊತ್ತು.

“ಅರಕಲಗೂಡಿನ ನಿಮ್ಮಕ್ಕ ಮಾಡೋ ಉಪ್ಸಾರು ಇದ್ಯಲ್ಲ, ಅದ್ರ ರುಚಿನೇ ಬೇರೆ ಕಣೆ” ಎಂದೆ.

ಅಬ್ಬಬ್ಬಾ! ಕೊಟ್ಟಿಗೆಯ ಹೆಂಚು ಹಾರಿಹೋಗುವುದೊಂದು ಬಾಕಿ. ಅಕ್ಕನ ಉಪ್ಪುಸಾರಿನಿಂದ ಶುರುವಾಗಿ, ಅಕ್ಕನ ಮದುವೆಗೆ, ಅಲ್ಲಿಂದ ನಮ್ಮ ಮದುವೆಗೆ, ನಮ್ಮಪ್ಪನಿಗೆ, ನನ್ನ ಪೇಪರು ಓದುವ ಚಟಕ್ಕೆ, ನಿನ್ನೆ ಸೀರೆಗೆ ಸಗಣಿ ಹತ್ತಿಸಿದ್ದಕ್ಕೆ ಬಂದಳು. ನಾನು ಎರಡೂ ಕೈಯಲ್ಲಿ ಕರೆದೆ. ಹಾಲು ನೊರೆನೊರೆಯಾಗಿ ಏರಿತು. ಚಂದ್ರಿ ಕಣ್ಣು ಅರ್ಧ ಮುಚ್ಚಿ ಮೆಲುಕು ಹಾಕುತ್ತಿತ್ತು. ವರ್ಷಾ ಇನ್ನೊಂದು ಬಕೆಟ್ ತರಲು ಓಡಿದಳು. ನಾನು ಜೀವಮಾನದಲ್ಲಿ ಅಷ್ಟು ಖುಷಿಯಿಂದ ಬೈಸಿಕೊಂಡಿರಲಿಲ್ಲ.

ಸಿದ್ದೇಶ್ವರಪ್ಪನವರು ಹೆಗಲ ಮೇಲಿನ ವಲ್ಲಿಯಿಂದ ಮುಖ ಒರೆಸಿಕೊಂಡರು. “ರಂಗಣ್ಣ, ಈ ಅಸನ ನಾನು ತಗೊಂಡೋದ್ರೆ ಅಮ್ಮನ್ನೂ ಕರ್ಕೊಂಡೋಗ್ಬೇಕಾಯ್ತದೆ. ನಮ್ಮನೇಲಿ ಬೈಯೋರು ಆಗ್ಲೇ ಒಬ್ರು ಅವ್ರೆ. ಇನ್ನೊಬ್ರನ್ನ ನಾನು ತಡ್ಕೊಳ್ಳಾರೆ” ಎಂದು, ಕಾಫಿ ಕುಡಿದು, ಖಾಲಿ ಆಟೊ ತಿರುಗಿಸಿಕೊಂಡು ಹೋದರು.

ಮಂಜೇಶನಿಗೆ ಮಾತ್ರ ಸುಮ್ಮನಿರಲು ಬರುವುದಿಲ್ಲ. ಸಂಜೆ ಫೋನು ಹಿಡಿದು ಬಂದ. “ಅವ್ವ, ನೀನ್ ಬೈದಿದ್ದನ್ನ ಬೆಳಗ್ಗೆ ರೆಕಾರ್ಡ್ ಮಾಡ್ಕಂಡಿವ್ನಿ. ಇದ್ನ ಆಕುದ್ರೆ ಆಯ್ತಲ್ಲ. ನೀನು ದಿನಾ ಎರಡೊತ್ತು ಕೊಟ್ಟಿಗೆಗೆ ಬರೋ ತಾಪತ್ರಯ ಯಾಕೆ? ಒಳ್ಗೆ ಆರಾಮಾಗಿ ಟಿವಿ ನೋಡು.”

ಒಳ್ಳೆಯದಕ್ಕೇ ಹೇಳಿದ. ಆದರೂ ಪಾಪಮ್ಮನ ಮುಖ ನಿನ್ನೆ ಸಂಜೆಯ ಹಾಗೆಯೇ ಆಯಿತು. ಅವಳು ಕುರ್ಚಿಯಿಂದ ಎದ್ದು ಬಾಗಿಲಿನ ಹತ್ತಿರ ಹೋಗಿ ನಿಂತಳು. ಮಂಜೇಶ ಫೋನನ್ನು ಗೂಟಕ್ಕೆ ನೇತುಹಾಕಿ ಜೋರಾಗಿ ಹಾಕಿದ. ಉಪ್ಪುಸಾರಿನಿಂದ ನಮ್ಮಪ್ಪನವರೆಗೆ ಎಲ್ಲವೂ ಸ್ಪಷ್ಟವಾಗಿ ಕೇಳಿತು. ನಾನು ಕೂತು ಕರೆದೆ. ಮನಸ್ಸಿನಲ್ಲಿ ಮಾತ್ರ, ಬರಬೇಡ ಚಂದ್ರಿ, ಬರಬೇಡ ತಾಯಿ ಎಂದು ಬೇಡಿಕೊಳ್ಳುತ್ತಿದ್ದೆ.

ಚಂದ್ರಿ ಫೋನಿನ ಕಡೆ ಕಿವಿ ನಿಮಿರಿಸಿತು. ಖಾಲಿ ಕುರ್ಚಿಯನ್ನು ಮೂಸಿತು. ಹಗ್ಗ ಎಳೆದುಕೊಂಡು ಬಾಗಿಲಿನತ್ತ ತಿರುಗಿ ‘ಅಂಬಾ’ ಎಂದು ಕೂಗಿತು. ಬಕೆಟ್ಟಿಗೆ ಒಂದು ಹನಿಯೂ ಬೀಳಲಿಲ್ಲ.

ಪಾಪಮ್ಮ ಗೋಡೆ ಹಿಡಿದುಕೊಂಡೇ ಬಂದಳು, ಆದರೆ ಎಂದಿಗಿಂತ ಬೇಗ ಬಂದಳು. ಮಗನ ಫೋನು ಕಿತ್ತು ಅವನ ಕೈಗೆ ತುರುಕಿದಳು. ಕುರ್ಚಿಯಲ್ಲಿ ಕೂತು ಚಂದ್ರಿಯ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

“ನೋಡುದ್ಯೇನ್ಲಾ? ನಾನೇ ಬೇಕಂತೆ. ನಾನೇ ಬರ್ಬೇಕಂತೆ!” ಎಂದಳು. ಅವಳು ನಗುತ್ತಿದ್ದಳು, ಕಣ್ಣೀರು ಸುರಿಯುತ್ತಿತ್ತು.

ನಾನು ಬಕೆಟ್ ಪಕ್ಕಕ್ಕಿಟ್ಟು, ಎದ್ದು ಹೋಗಿ ಅವಳ ಕಣ್ಣು ಒರೆಸಬೇಕೆಂದು ಮೇಲೆದ್ದೆ.

“ಎಲ್ಲಿಗೆದ್ದೆ? ಡೇರಿ ಮುಚ್ಚೋ ಒತ್ತಾಯ್ತು, ಕೂತ್ಕಂಡು ಕರಿ, ಸೋಂಬೇರಿ ಮುಂಡೇದೆ!” ಎಂದಳು.

ನಾನು ಕೂತೆ. ಹಾಲು ಬಂತು.